ಮೊದಲ ಸಲ ಕ್ಯೂಬ್ ಸ್ಪರ್ಧೆ ನಡೆಸುವವರಿಗೆ: ಮೊದಲು ಜನ, ಆಮೇಲೆ ಹಾಲ್

ಕ್ಯೂಬ್ ಸ್ಪರ್ಧೆ, ಅಂದರೆ ರೂಬಿಕ್ಸ್ ಕ್ಯೂಬ್ ಬೇಗ ಬಿಡಿಸುವ ಸ್ಪರ್ಧೆ, ನಡೆಸಬೇಕು ಅಂತ ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಹಾಲ್. ಆಮೇಲೆ ಪ್ರಾಯೋಜಕರು, ಟ್ರೋಫಿ, ಬ್ಯಾನರ್. ಸ್ಪರ್ಧೆಯ ದಿನ ಬೆಳಿಗ್ಗೆ ಮೇಜುಗಳ ಮೇಲೆ 8 ಟೈಮರ್ ಸಾಲಾಗಿ ಇರುತ್ತವೆ, 40 ಸ್ಪರ್ಧಿಗಳು ಬಂದಿರುತ್ತಾರೆ, ಆದರೆ ಜಡ್ಜ್ ಆಗಿ ಕೂರಲು ಸಿಗುವುದು ಮೂರೇ ಜನ. ಉಳಿದ ಐದು ಟೈಮರ್ ಸುಮ್ನೆ ಬಿದ್ದಿರುತ್ತವೆ. ಮಧ್ಯಾಹ್ನದ ಹೊತ್ತಿಗೆ ವೇಳಾಪಟ್ಟಿ ಎರಡು ಗಂಟೆ ಹಿಂದೆ ಬಿದ್ದಿರುತ್ತದೆ.

ಕ್ಯೂಬ್ ಸ್ಪರ್ಧೆಯಲ್ಲಿ ಕೊರತೆ ಬೀಳುವುದು ದುಡ್ಡಿಗಿಂತ ಜಾಸ್ತಿ ಕೆಲಸ ಗೊತ್ತಿರುವ ಜನರದ್ದು. ಒಬ್ಬ ಸ್ಪರ್ಧಿ ಒಂದು ಸಲ ಕ್ಯೂಬ್ ಬಿಡಿಸಲು ಬೇರೆ ಮೂವರು ಕೆಲಸ ಮಾಡಬೇಕು. ಒಬ್ಬರು ಸ್ಕ್ರಾಂಬಲ್ ಮಾಡಬೇಕು, ಅಂದರೆ ಹಾಳೆಯಲ್ಲಿ ಬರೆದ ತಿರುವುಗಳ ಪ್ರಕಾರ ಕ್ಯೂಬ್ ಕದಡಬೇಕು, ಒಬ್ಬರು ಅದನ್ನು ಟೈಮರ್ ಇರುವ ಜಾಗಕ್ಕೆ ಒಯ್ಯಬೇಕು, ಒಬ್ಬರು ಜಡ್ಜ್ ಮಾಡಬೇಕು. ಈ ಲೇಖನದಲ್ಲಿ ಹೇಳುವುದೆಲ್ಲ ಇದೊಂದೇ ಲೆಕ್ಕದ ಸುತ್ತ ಇದೆ.

ಅಧಿಕೃತವೋ, ಅನಧಿಕೃತವೋ

ಕ್ಯೂಬಿಂಗ್‌ನ ನಿಯಮ, ದಾಖಲೆ, ರ‍್ಯಾಂಕಿಂಗ್ ಎಲ್ಲವನ್ನೂ ನೋಡಿಕೊಳ್ಳುವುದು ವರ್ಲ್ಡ್ ಕ್ಯೂಬ್ ಅಸೋಸಿಯೇಷನ್, ಅಂದರೆ ಡಬ್ಲ್ಯೂಸಿಎ. 2004ರಲ್ಲಿ ಶುರುವಾದ ಸಂಸ್ಥೆ. ಅದರ ಮಾನ್ಯತೆ ಇರುವ ಸ್ಪರ್ಧೆಯಲ್ಲಿ ಬಂದ ಸಮಯ ಮಾತ್ರ ಸ್ಪರ್ಧಿಯ ಹೆಸರಿನಲ್ಲಿ ಅಧಿಕೃತವಾಗಿ ದಾಖಲಾಗುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲು ಒಂದು ಚಿಕ್ಕ ಅನಧಿಕೃತ ಸ್ಪರ್ಧೆ ಮಾಡಿ. ಹದಿನೈದು ಇಪ್ಪತ್ತು ಜನ, ಒಂದು ಮಧ್ಯಾಹ್ನ, ಮೂರು-ನಾಲ್ಕು ಟೈಮರ್ ಸಾಕು. ಸ್ಕ್ರಾಂಬಲ್‌ಗಳಿಗೆ ಸಿಎಸ್‌ಟೈಮರ್ ಅನ್ನುವ ವೆಬ್‌ಸೈಟ್ ಸಾಕಾಗುತ್ತದೆ. ಆದರೆ ನಿಯಮ ಮಾತ್ರ ಅಧಿಕೃತ ಸ್ಪರ್ಧೆಯದ್ದೇ ಇರಲಿ. ಜಡ್ಜ್ ಹೇಗೆ ಕೂರಬೇಕು, ಸ್ಕೋರ್‌ಕಾರ್ಡ್ ಹೇಗೆ ತುಂಬಬೇಕು ಅನ್ನುವುದು ಅಲ್ಲಿ ಕೈಗೆ ಬರುತ್ತದೆ. ಆ ದಿನ ಚೆನ್ನಾಗಿ ಕೆಲಸ ಮಾಡಿದವರೇ ಮುಂದೆ ನಿಮ್ಮ ತಂಡವಾಗುತ್ತಾರೆ.

ಇನ್ನೊಂದು ಮಾತು. ನೀವು ಒಂದು ಅಧಿಕೃತ ಸ್ಪರ್ಧೆಗೂ ಹೋಗಿಲ್ಲದಿದ್ದರೆ, ನಡೆಸುವ ಮೊದಲು ಒಂದಕ್ಕಾದರೂ ಹೋಗಿ ಬನ್ನಿ. ಸ್ಪರ್ಧಿಯಾಗಿ ಹೋದರೂ ಸಾಲದು, ಅಲ್ಲಿ ಸ್ಕ್ರಾಂಬಲ್ ಮೇಜಿನಲ್ಲಿ ಒಂದು ರೌಂಡ್ ಕೂರಿ. ಒಳಗಿನ ಓಟ ಅರ್ಥವಾಗುವುದು ಅಲ್ಲಿಯೇ.

ಡೆಲಿಗೇಟ್ ಅವರನ್ನು ಹಿಡಿಯುವುದು

ಅಧಿಕೃತ ಸ್ಪರ್ಧೆಗೆ ಡಬ್ಲ್ಯೂಸಿಎ ಡೆಲಿಗೇಟ್ ಒಬ್ಬರು ಇರಲೇಬೇಕು. ಇವರು ಸಂಸ್ಥೆಯ ಪರವಾಗಿ ಬರುವ ಸ್ವಯಂಸೇವಕರು. ನಿಯಮದ ವಿಷಯದಲ್ಲಿ ಸ್ಥಳದಲ್ಲಿ ಕೊನೆಯ ಮಾತು ಅವರದ್ದು. ಹಾಲ್, ಹಣ, ಜನ, ವೇಳೆ ಇವು ಸಂಘಟಕರಾದ ನಿಮ್ಮ ಪಾಲಿಗೆ. ಡೆಲಿಗೇಟ್‌ಗಳ ಪಟ್ಟಿ ಡಬ್ಲ್ಯೂಸಿಎ ವೆಬ್‌ಸೈಟಿನಲ್ಲಿ ಪ್ರದೇಶವಾರು ಸಿಗುತ್ತದೆ.

ಅವರಿಗೆ "ಸ್ಪರ್ಧೆ ಮಾಡಬೇಕು ಅಂತಿದ್ದೇವೆ, ಏನು ಮಾಡಬೇಕು" ಅಂತ ಒಂದು ಸಾಲು ಬರೆದು ಕೂರಬೇಡಿ. ಎರಡು ಮೂರು ಸಂಭವನೀಯ ದಿನಾಂಕ, ಹಾಲ್‌ನ ಅಳತೆ ಮತ್ತು ಫೋಟೋ, ಎಷ್ಟು ಸ್ಪರ್ಧಿಗಳು, ಯಾವ ವಿಭಾಗಗಳು, ನಿಮ್ಮ ತಂಡದಲ್ಲಿ ಅನುಭವ ಇರುವವರು ಎಷ್ಟು ಜನ ಅಂತ ಬರೆಯಿರಿ. ಡೆಲಿಗೇಟ್ ಮೊದಲು ನೋಡುವುದು ಆ ಕೊನೆಯ ಅಂಶವನ್ನೇ. ದೂರದಿಂದ ಬರುವವರಾದರೆ ಅವರ ಪ್ರಯಾಣ ಮತ್ತು ವಸತಿಯ ಖರ್ಚು ಯಾರದ್ದು ಅನ್ನುವುದನ್ನು ಮೊದಲ ಮಾತುಕತೆಯಲ್ಲೇ ಸಂಕೋಚವಿಲ್ಲದೆ ಮುಗಿಸಿಕೊಳ್ಳಿ.

ಸ್ಪರ್ಧೆಗೆ ನಾಲ್ಕೈದು ತಿಂಗಳು ಇರುವಾಗ ಈ ಮಾತುಕತೆ ಶುರುವಾದರೆ ನೆಮ್ಮದಿ. ಡೆಲಿಗೇಟ್ ಒಪ್ಪಿ, ಡಬ್ಲ್ಯೂಸಿಎ ಪರಿಶೀಲಿಸಿ ಪ್ರಕಟಿಸಿದ ಮೇಲೆಯೇ ನೋಂದಣಿ. ಅದಕ್ಕೂ ಮೊದಲು "ಅಧಿಕೃತ ಸ್ಪರ್ಧೆ" ಅಂತ ಪೋಸ್ಟರ್ ಹಾಕಲು ಹೋಗಬೇಡಿ.

ಯಾವ ವಿಭಾಗ ಇಡಬೇಕು, ಯಾವುದು ಬೇಡ

ಒಟ್ಟು 17 ಅಧಿಕೃತ ವಿಭಾಗಗಳಿವೆ. ಎಲ್ಲವನ್ನೂ ನೋಡಿದರೆ ಆಸೆಯಾಗುತ್ತದೆ. ತಡೆದುಕೊಳ್ಳಿ.

ಮೊದಲ ಸ್ಪರ್ಧೆಗೆ 3x3, ಅಂದರೆ ಎಲ್ಲರಿಗೂ ಗೊತ್ತಿರುವ ಮಾಮೂಲಿ ಕ್ಯೂಬ್ ಇರಲಿ, ಎರಡು ಅಥವಾ ಮೂರು ರೌಂಡ್. ಜೊತೆಗೆ 2x2 ಮತ್ತು ಪಿರಮಿಡ್ ಆಕಾರದ ಪಿರಮಿಂಕ್ಸ್. ಇವೆರಡೂ ಬೇಗ ಮುಗಿಯುತ್ತವೆ, ಸ್ಕ್ರಾಂಬಲ್ ಮಾಡುವುದೂ ಸುಲಭ. ಸಮಯ ಉಳಿದರೆ ಒಂದು ಕೈಯ 3x3 ಸೇರಿಸಬಹುದು. ಒಂದು ದಿನಕ್ಕೆ ಇಷ್ಟು ಧಾರಾಳ.

7x7 ಬೇಡ. ಬಿಡಿಸಲು ಹಿಡಿಯುವ ಸಮಯದ ಮಾತು ಹಾಗಿರಲಿ, ಅದರ ಒಂದು ಸ್ಕ್ರಾಂಬಲ್‌ನಲ್ಲಿ 100 ತಿರುವುಗಳಿರುತ್ತವೆ. 80ನೇ ತಿರುವಿನಲ್ಲಿ ತಪ್ಪಿದರೆ ಮತ್ತೆ ಮೊದಲಿನಿಂದ. ಅನುಭವ ಇರುವವರಿಗೂ ಬೆವರು ಬರಿಸುವ ಕೆಲಸ ಅದು. ಕಣ್ಣು ಕಟ್ಟಿಕೊಂಡು ಬಿಡಿಸುವ ವಿಭಾಗಗಳಿಗೆ ಪಕ್ಕಾ ಮೌನ ಬೇಕು. ಮಲ್ಟಿ-ಬ್ಲೈಂಡ್ (ಕಣ್ಣು ಕಟ್ಟಿಕೊಂಡು ಹಲವು ಕ್ಯೂಬ್ ಬಿಡಿಸುವುದು) ಮತ್ತು ಅತಿ ಕಡಿಮೆ ತಿರುವುಗಳ ವಿಭಾಗದಲ್ಲಿ ಒಂದು ಪ್ರಯತ್ನಕ್ಕೇ ಒಂದು ಗಂಟೆ ತನಕ ಬೇಕಾಗುತ್ತದೆ. ಇವೆಲ್ಲ ಎರಡನೇ, ಮೂರನೇ ಸ್ಪರ್ಧೆಗೆ ಇರಲಿ.

ಕಟ್‌ಆಫ್ ಮತ್ತು ಟೈಮ್ ಲಿಮಿಟ್ ಒಂದೇ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಟೈಮ್ ಲಿಮಿಟ್ ಅಂದರೆ ಒಂದು ಪ್ರಯತ್ನಕ್ಕೆ ಇರುವ ಗರಿಷ್ಠ ಸಮಯ. ಬೇರೆ ಏನೂ ಹೇಳದಿದ್ದರೆ ಅದು 10 ನಿಮಿಷ. ಅಷ್ಟು ದೊಡ್ಡ ಮಿತಿ 3x3ಕ್ಕೆ ಬೇಕಿಲ್ಲ, ಕಡಿಮೆ ಇಡಬಹುದು. ಕಟ್‌ಆಫ್ ಅಂದರೆ ಮೊದಲ ಒಂದೆರಡು ಪ್ರಯತ್ನಗಳಲ್ಲಿ ಇಂತಿಷ್ಟರೊಳಗೆ ಬಿಡಿಸಿದವರಿಗೆ ಮಾತ್ರ ಉಳಿದ ಪ್ರಯತ್ನಗಳು. ಸಮಯ ಉಳಿಸಲು ಇದು ಒಳ್ಳೆಯ ಸಾಧನ, ಆದರೆ 3x3ಕ್ಕೆ ಕಟ್‌ಆಫ್ ಹಾಕುವುದು ನನಗೆ ಇಷ್ಟವಿಲ್ಲ. 1982ರಲ್ಲಿ ಬುಡಾಪೆಸ್ಟ್‌ನಲ್ಲಿ ನಡೆದ ಮೊದಲ ವಿಶ್ವ ಸ್ಪರ್ಧೆಯನ್ನು ಗೆದ್ದ ಸಮಯ 22.95 ಸೆಕೆಂಡು. ಇವತ್ತು ಆ ಸಮಯಕ್ಕೆ ಫೈನಲ್ ಸಿಗುವುದೂ ಕಷ್ಟ. ಅಷ್ಟು ಮುಂದೆ ಹೋಗಿರುವ ಆಟದಲ್ಲಿ ಒಂದೂವರೆ ನಿಮಿಷ ತೆಗೆದುಕೊಳ್ಳುವ ಹೊಸ ಮಗುವಿಗೆ ಐದು ಪ್ರಯತ್ನಗಳನ್ನಾದರೂ ಪೂರ್ತಿ ಕೊಡೋಣ, ಅಲ್ವಾ?

ಲೆಕ್ಕ ಹಾಕುವುದು

ಇದು ಮುಖ್ಯ ಭಾಗ. ಪೆನ್ನು ಹಿಡಿದು ಕೂರಿ.

40 ಸ್ಪರ್ಧಿಗಳು, 8 ಟೈಮರ್ ಅಂತಿಟ್ಟುಕೊಳ್ಳೋಣ. 3x3ರಲ್ಲಿ ಒಬ್ಬೊಬ್ಬರಿಗೆ 5 ಪ್ರಯತ್ನ. ಅತಿ ಒಳ್ಳೆಯದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ನಡುವಿನ ಮೂರರ ಸರಾಸರಿ ತೆಗೆಯುತ್ತಾರೆ. ಅಂದರೆ ಒಂದು ರೌಂಡಿಗೆ 200 ಪ್ರಯತ್ನ, ಒಂದು ಟೈಮರ್‌ಗೆ 25. ಸ್ಪರ್ಧಿಯನ್ನು ಕರೆದು, ಕೂರಿಸಿ, ಕ್ಯೂಬ್ ನೋಡಲು ಬಿಟ್ಟು, ಬಿಡಿಸಿ, ಬರೆದು, ಸಹಿ ಹಾಕಿಸಿ ಕಳಿಸಲು ಸರಾಸರಿ ಒಂದೂವರೆ ನಿಮಿಷ ಹಿಡಿಯಿರಿ. ಸುಮಾರು 38 ನಿಮಿಷ ಆಯಿತು. ಇದು ಎಲ್ಲ ಟೈಮರ್‌ಗಳೂ ಒಂದು ಕ್ಷಣ ಖಾಲಿ ಬೀಳದಿದ್ದರೆ ಬರುವ ಲೆಕ್ಕ. ಹಾಗೆ ಯಾವತ್ತೂ ಆಗುವುದಿಲ್ಲ. ಗ್ರೂಪ್ ಬದಲಾಗುವಾಗ ಹೋಗುವ ಸಮಯ, ನಿಧಾನಕ್ಕೆ ಬಿಡಿಸುವವರು, ಶೌಚಾಲಯಕ್ಕೆ ಹೋದವರು ಎಲ್ಲ ಸೇರಿ ಒಂದು ಗಂಟೆ ಇಟ್ಟುಕೊಳ್ಳಿ.

ಈಗ ಜನ. 8 ಟೈಮರ್‌ಗೆ 8 ಜಡ್ಜ್. ಒಂದೂವರೆ ನಿಮಿಷಕ್ಕೆ 8 ಕ್ಯೂಬ್ ಅಂದರೆ ನಿಮಿಷಕ್ಕೆ ಐದಕ್ಕಿಂತ ಸ್ವಲ್ಪ ಜಾಸ್ತಿ. ಒಬ್ಬರು ಒಂದು 3x3 ಸ್ಕ್ರಾಂಬಲ್ ಮಾಡಿ, ಹಾಳೆಯಲ್ಲಿರುವ ಚಿತ್ರಕ್ಕೆ ಹೋಲಿಸಿ, ಸಹಿ ಹಾಕಲು ಅರ್ಧ ನಿಮಿಷದ ಮೇಲೆ ಬೇಕು. ಅಲ್ಲಿಗೆ ಕನಿಷ್ಠ 3 ಸ್ಕ್ರಾಂಬ್ಲರ್. ಓಡಾಡಲು 2 ರನ್ನರ್. ಒಟ್ಟು 13.

40 ಜನರನ್ನು ಮೂರು ಗ್ರೂಪ್ ಮಾಡಿದರೆ ಒಂದರಲ್ಲಿ 13 ಅಥವಾ 14 ಜನ ಬರುತ್ತಾರೆ. ಒಂದು ಗ್ರೂಪ್ ಆಡುವಾಗ ಇನ್ನೊಂದು ಗ್ರೂಪ್ ಕೆಲಸ ಮಾಡುತ್ತದೆ, ಮೂರನೆಯದು ವಿಶ್ರಾಂತಿ. ಲೆಕ್ಕ ಸರಿಯಾಗಿ ಕೂತಿತು. ಬಹುತೇಕ ಸ್ಪರ್ಧೆಗಳು ನಡೆಯುವುದೇ ಹೀಗೆ, ಸ್ಪರ್ಧಿಗಳೇ ಸರದಿಯಲ್ಲಿ ಜಡ್ಜ್ ಆಗುತ್ತಾರೆ. ಪ್ರತಿ ಗ್ರೂಪಿಗೂ ಬೇರೆ ಬೇರೆ ಸ್ಕ್ರಾಂಬಲ್ ಇರುವುದರಿಂದ ಒಂದು ಗ್ರೂಪಿಗೆ ಸ್ಕ್ರಾಂಬಲ್ ಮಾಡಿದವರು ಇನ್ನೊಂದರಲ್ಲಿ ಆಡಲು ಅಡ್ಡಿಯಿಲ್ಲ.

ಆದರೆ ಹಾಳೆಯ ಮೇಲೆ ಕೂತ ಲೆಕ್ಕ ಹಾಲ್‌ನಲ್ಲಿ ಕೂರಬೇಕಾದರೆ ಒಂದು ಕೆಲಸ ಮಾಡಿ. ಎಲ್ಲ ವೇಗದ ಆಟಗಾರರನ್ನು ಒಂದೇ ಗ್ರೂಪಿಗೆ ಹಾಕಬೇಡಿ. ಸ್ಕ್ರಾಂಬಲ್ ಮಾಡಬಲ್ಲವರು ಅವರೇ. ಅವರೆಲ್ಲ ಒಟ್ಟಿಗೆ ಆಡಲು ಕೂತರೆ ಸ್ಕ್ರಾಂಬಲ್ ಮೇಜಿನಲ್ಲಿ ತಿರುವುಗಳ ಅಕ್ಷರಗಳನ್ನೇ ಓದಲು ಬಾರದವರು ಉಳಿಯುತ್ತಾರೆ. ಗ್ರೂಪಿಫೈಯರ್ ಅನ್ನುವ ತಂತ್ರಾಂಶ ಗ್ರೂಪ್ ಮಾಡಿ, ಕೆಲಸ ಹಂಚಿ, ಸ್ಕೋರ್‌ಕಾರ್ಡ್ ಕೂಡ ತಯಾರಿಸಿಕೊಡುತ್ತದೆ. ಅದು ಕೊಟ್ಟ ಪಟ್ಟಿಯನ್ನು ಕಣ್ಣಾರೆ ಒಮ್ಮೆ ನೋಡಿ ತಿದ್ದಿ.

ಮುಂದಿನ ರೌಂಡಿಗೆ ಎಷ್ಟು ಜನ ಅನ್ನುವುದಕ್ಕೂ ನಿಯಮ ಇದೆ. ಪ್ರತಿ ರೌಂಡಿನಲ್ಲಿ ಕನಿಷ್ಠ ಕಾಲು ಭಾಗದಷ್ಟು ಜನ ಹೊರಹೋಗಬೇಕು. 40 ಜನರಲ್ಲಿ 16 ಜನರನ್ನು ಎರಡನೇ ರೌಂಡಿಗೆ, 8 ಜನರನ್ನು ಫೈನಲ್‌ಗೆ ತೆಗೆದುಕೊಂಡರೆ ಸಲೀಸು. ಫೈನಲ್‌ನ 8 ಜನರೂ ಒಟ್ಟಿಗೆ ಕೂತು ಆಡಬಹುದು, ನೋಡುವವರಿಗೂ ಅದೇ ಚೆಂದ.

ಹಾಲ್

ಬೆಳಕು ಸಮನಾಗಿರಬೇಕು. ಒಂದು ಬದಿಯ ಕಿಟಕಿಯಿಂದ ಬಿಸಿಲು ಬಿದ್ದರೆ ಕ್ಯೂಬಿನ ಕೆಂಪು ಮತ್ತು ಕಿತ್ತಳೆ ಬಣ್ಣ ಒಂದೇ ಥರ ಕಾಣುತ್ತವೆ. ಸ್ಪರ್ಧೆ ನಡೆಯುವ ಹೊತ್ತಿನಲ್ಲೇ ಹೋಗಿ ಹಾಲ್ ನೋಡಿ ಬರುವುದು ಇದಕ್ಕೇ.

ಮೇಜು ಅಲ್ಲಾಡಬಾರದು. ಒಂದು ಮೇಜಿನಲ್ಲಿ ಇಬ್ಬರು ಆಡುವಾಗ ಒಬ್ಬರು ಟೈಮರ್ ಮೇಲೆ ಕೈ ಬಡಿದರೆ ಪಕ್ಕದವರಿಗೆ ಕಿರಿಕಿರಿ. ಪ್ರೇಕ್ಷಕರು ಆಡುವ ಜಾಗದಿಂದ ಕನಿಷ್ಠ 1.5 ಮೀಟರ್ ದೂರ ಇರಬೇಕು ಅನ್ನುವುದು ನಿಯಮ. ನೆಲಕ್ಕೆ ಬಣ್ಣದ ಟೇಪ್ ಅಂಟಿಸಿದರೆ ಸಾಲದು, ಹಗ್ಗವನ್ನೋ ಕುರ್ಚಿ ಸಾಲನ್ನೋ ಅಡ್ಡ ಇಡಿ. ಮೊಬೈಲ್ ಹಿಡಿದ ಅಪ್ಪ ಅಮ್ಮಂದಿರಿಗೆ ಟೇಪ್ ಕಾಣಿಸುವುದಿಲ್ಲ.

ಸ್ಕ್ರಾಂಬಲ್ ಮೇಜು ಸ್ಪರ್ಧಿಗಳ ಕಣ್ಣಿಗೆ ಬೀಳದ ಹಾಗೆ ಇರಬೇಕು. ಹಾಗಂತ ಇನ್ನೊಂದು ಕೋಣೆಯಲ್ಲಿ ಇಟ್ಟರೆ ರನ್ನರ್‌ಗಳ ಕಾಲು ಸೋತು ಹೋಗುತ್ತದೆ. ಟೈಮರ್ ಸಾಲಿನ ಹತ್ತಿರವೇ, ನಡುವೆ ಒಂದು ಬೋರ್ಡ್ ಅಥವಾ ಪರದೆ ಇಟ್ಟು ಮಾಡಿಕೊಳ್ಳಿ. ಆಡುವವರು ಕಾಯಲು ಪ್ರೇಕ್ಷಕರಿಂದ ಬೇರೆಯಾದ ಒಂದಿಷ್ಟು ಕುರ್ಚಿ ಬೇಕು. ಹೆಸರು ಕೂಗಿದಾಗ ಸ್ಪರ್ಧಿ ಹಾಲ್‌ನ ಹೊರಗಿದ್ದರೆ ಹೋದ ಸಮಯ ಮತ್ತೆ ಸಿಗುವುದಿಲ್ಲ.

ನೋಂದಣಿ

ಅಧಿಕೃತ ಸ್ಪರ್ಧೆಯ ನೋಂದಣಿ ಡಬ್ಲ್ಯೂಸಿಎ ವೆಬ್‌ಸೈಟಿನ ಮೂಲಕವೇ ಆಗುತ್ತದೆ. ಮಿತಿ ಇಡಿ, ಕಾಯುವ ಪಟ್ಟಿ ಇಡಿ, ಹಣ ವಾಪಸಿನ ನಿಯಮವನ್ನು ಮೊದಲೇ ಬರೆದು ಹಾಕಿ. ಸ್ಥಳದಲ್ಲೇ ನೋಂದಣಿ ಬೇಡವೇ ಬೇಡ, ಮಾಡಿಟ್ಟ ಗ್ರೂಪ್‌ಗಳೆಲ್ಲ ಕಲಸಿಹೋಗುತ್ತವೆ. ಮೊದಲ ಸಲ ಸ್ಪರ್ಧಿಸುವವರು ಹೆಸರು, ಹುಟ್ಟಿದ ದಿನಾಂಕ, ರಾಷ್ಟ್ರೀಯತೆ ತೋರಿಸುವ ಗುರುತಿನ ದಾಖಲೆ ತರಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ, ಹಿಂದಿನ ದಿನ ಇನ್ನೊಮ್ಮೆ ಎಲ್ಲರಿಗೂ ನೆನಪಿಸಿ.

ವಾರದ ಮುಂಚೆ

ಸ್ಕ್ರಾಂಬಲ್‌ಗಳನ್ನು ಡಬ್ಲ್ಯೂಸಿಎಯ ಅಧಿಕೃತ ತಂತ್ರಾಂಶ ಟಿನೂಡಲ್‌ನಲ್ಲೇ ತಯಾರಿಸಬೇಕು. ಇದು ಡೆಲಿಗೇಟ್ ನೋಡಿಕೊಳ್ಳುವ ವಿಷಯ. ಪ್ರತಿ ಗ್ರೂಪಿನ ಹಾಳೆಗೂ ಬೇರೆ ಪಾಸ್‌ವರ್ಡ್ ಇರುತ್ತದೆ, ಆ ಗ್ರೂಪಿನ ಸಮಯ ಬಂದಾಗಲೇ ತೆರೆಯುತ್ತಾರೆ. ಐದು ಸ್ಕ್ರಾಂಬಲ್ ಜೊತೆಗೆ ಎರಡು ಹೆಚ್ಚುವರಿ ಇರುತ್ತವೆ. ಯಾರಿಗಾದರೂ ಮರುಪ್ರಯತ್ನ ಕೊಡಬೇಕಾದರೆ ಬಳಸುವುದು ಅವನ್ನೇ.

ಚೀಲಕ್ಕೆ ಹಾಕಿಕೊಳ್ಳಬೇಕಾದವು: ಸ್ಟ್ಯಾಕ್‌ಮ್ಯಾಟ್ ಟೈಮರ್ (ಕೈ ಇಟ್ಟು ಶುರು ಮಾಡಿ, ಕೈ ಇಟ್ಟೇ ನಿಲ್ಲಿಸುವಂಥದ್ದು) ಮತ್ತು ಅದರ ಮ್ಯಾಟ್, ಅಗತ್ಯಕ್ಕಿಂತ ಒಂದೆರಡು ಜಾಸ್ತಿ. ಅವುಗಳ ಬ್ಯಾಟರಿ. ಪ್ರತಿ ಜಡ್ಜ್‌ಗೆ ಒಂದು ಸ್ಟಾಪ್‌ವಾಚ್, ಒಂದು ಪೆನ್ನು. ಕ್ಯೂಬ್ ಮುಚ್ಚಲು ಕವರ್‌ಗಳು, ಟೈಮರ್ ಸಂಖ್ಯೆಗಿಂತ ದುಪ್ಪಟ್ಟು. ಸ್ಕೋರ್‌ಕಾರ್ಡ್, ಕೆಲವು ಖಾಲಿ ಕಾರ್ಡ್‌ಗಳೂ ಸೇರಿ. ಲ್ಯಾಪ್‌ಟಾಪ್ ಎರಡು, ವಿದ್ಯುತ್ ಎಕ್ಸ್‌ಟೆನ್ಷನ್, ಮೊಬೈಲ್ ಇಂಟರ್‌ನೆಟ್. ಪ್ರಿಂಟರ್ ಇದ್ದರೆ ಒಳ್ಳೆಯದು. ಟೈಮರ್‌ಗಳನ್ನು ಕೊಳ್ಳಲು ಹೋಗಬೇಡಿ, ಡೆಲಿಗೇಟ್ ಹತ್ತಿರವೋ ಹಳೆಯ ಕ್ಯೂಬರ್‌ಗಳ ಹತ್ತಿರವೋ ಎರವಲು ಸಿಗುತ್ತವೆ. ಯಾರ ಟೈಮರ್ ಯಾವುದು ಅಂತ ಚೀಟಿ ಅಂಟಿಸಿಕೊಳ್ಳಿ.

ಜಡ್ಜ್‌ಗಳಿಗೆ ತರಬೇತಿ ಕೊಡುವ ಒಂದು ಸಂಜೆ ಇಟ್ಟುಕೊಳ್ಳಿ. ನಿಯಮ ಪುಸ್ತಕ ಓದಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ಟೈಮರ್ ಇಟ್ಟು ಆಡಿಸಿ, ಬೇಕಂತಲೇ ತಪ್ಪು ಮಾಡಿ ತೋರಿಸಿ. ಕಲಿಯಬೇಕಾದ್ದು ಹೆಚ್ಚೇನಿಲ್ಲ:

ಸ್ಪರ್ಧಿ ಸಿದ್ಧ ಅಂದ ಮೇಲೆ ಕವರ್ ತೆಗೆದು ಸ್ಟಾಪ್‌ವಾಚ್ ಒತ್ತಬೇಕು. ಕ್ಯೂಬ್ ನೋಡಲು 15 ಸೆಕೆಂಡ್. 8ಕ್ಕೆ ಒಮ್ಮೆ, 12ಕ್ಕೆ ಒಮ್ಮೆ ಕೇಳುವ ಹಾಗೆ ಹೇಳಬೇಕು. ನಾಚಿಕೆ ಸ್ವಭಾವದ ಮಕ್ಕಳು ಇದನ್ನು ಬಾಯೊಳಗೇ ಗೊಣಗುತ್ತಾರೆ, ಜೋರಾಗಿ ಹೇಳಿಸಿ ಅಭ್ಯಾಸ ಮಾಡಿಸಿ. 15 ದಾಟಿ ಶುರು ಮಾಡಿದರೆ 2 ಸೆಕೆಂಡ್ ದಂಡ, 17 ದಾಟಿದರೆ ಆ ಪ್ರಯತ್ನ ಡಿಎನ್‌ಎಫ್, ಅಂದರೆ ಲೆಕ್ಕಕ್ಕಿಲ್ಲ. ಟೈಮರ್ ನಿಲ್ಲಿಸಿದ ಮೇಲೆ ಜಡ್ಜ್ ನೋಡುವ ತನಕ ಸ್ಪರ್ಧಿ ಕ್ಯೂಬ್ ಮುಟ್ಟುವಂತಿಲ್ಲ. ಜಡ್ಜ್ ಕೂಡ ಎತ್ತಿಕೊಳ್ಳದೆ ಮೊದಲು ಕಣ್ಣಲ್ಲೇ ನೋಡಬೇಕು. ಒಂದು ತಿರುವಿನಷ್ಟು ಬಾಕಿ ಇದ್ದರೆ 2 ಸೆಕೆಂಡ್ ದಂಡ, ಅದಕ್ಕಿಂತ ಜಾಸ್ತಿ ಇದ್ದರೆ ಡಿಎನ್‌ಎಫ್. ಟೈಮರ್ ಮೂರು ದಶಮಾಂಶ ತೋರಿಸಿದರೆ ಕೊನೆಯದನ್ನು ಬಿಟ್ಟುಬಿಡಬೇಕು: 12.349 ಬಂದರೆ 12.34 ಅಂತ ಬರೆಯಬೇಕು, 12.35 ಅಲ್ಲ. ಆಮೇಲೆ ಇಬ್ಬರ ಸಹಿ.

ಸಂಶಯ ಬಂದರೆ? ತಾವೇ ತೀರ್ಮಾನ ಮಾಡಬಾರದು. ಯಾವುದನ್ನೂ ಮುಟ್ಟದೆ, ಟೈಮರ್ ಸೊನ್ನೆ ಮಾಡದೆ, ಕೈ ಎತ್ತಿ ಡೆಲಿಗೇಟ್ ಅವರನ್ನು ಕರೆಯಬೇಕು. ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬಾರದು ಅಂತ ಎರಡು ಸಲ ಹೇಳಿ.

ಆ ದಿನ

ತಂಡ ಒಂದೂವರೆ ಗಂಟೆ ಮುಂಚೆ ಬರಲಿ. ಮೇಜು, ಟೈಮರ್, ಬೆಳಕು ಎಲ್ಲ ಆದ ಮೇಲೆ ಪ್ರತಿ ಟೈಮರ್ ಅನ್ನೂ ಒಬ್ಬರು ಕೂತು ಒಂದು ಸಲ ಓಡಿಸಿ ನೋಡಲಿ.

ಶುರುವಾಗುವ ಮುಂಚೆ ಹೊಸಬರಿಗೆ ಹದಿನೈದು ನಿಮಿಷದ ಪಾಠ. ವೇಳಾಪಟ್ಟಿಯಲ್ಲಿ ಅದಕ್ಕೂ ಒಂದು ಸಾಲು ಕೊಡಿ. ಒಂದು ಪ್ರಯತ್ನವನ್ನು ಎಲ್ಲರ ಎದುರು ಆಡಿ ತೋರಿಸಿ. ಟೈಮರ್ ಮೇಲೆ ಕೈ ಇಟ್ಟು ಹಸಿರು ದೀಪ ಬರುವ ತನಕ ಕಾಯಬೇಕು ಅನ್ನುವುದು ಮನೆಯಲ್ಲಿ ಮೊಬೈಲಿನಲ್ಲಿ ಅಭ್ಯಾಸ ಮಾಡಿದವರಿಗೆ ಗೊತ್ತಿರುವುದಿಲ್ಲ.

ಆಟ ಶುರುವಾದ ಮೇಲೆ ಕ್ಯೂಬ್ ಹರಿಯುವ ದಾರಿ ಹೀಗೆ: ಸ್ಪರ್ಧಿ ಕ್ಯೂಬನ್ನು ಸ್ಕ್ರಾಂಬಲ್ ಮೇಜಿಗೆ ಒಪ್ಪಿಸುತ್ತಾರೆ. ಸ್ಕ್ರಾಂಬಲ್ ಆದ ಕ್ಯೂಬ್ ಸ್ಕೋರ್‌ಕಾರ್ಡ್ ಜೊತೆ ಕವರ್ ಒಳಗೆ ಟೈಮರ್ ಕಡೆ ಹೋಗುತ್ತದೆ. ಪ್ರಯತ್ನ ಮುಗಿದ ಮೇಲೆ ಅದೇ ಕಾರ್ಡ್ ಜೊತೆ ವಾಪಸು. ಕಾರ್ಡ್ ಮತ್ತು ಕ್ಯೂಬ್ ಯಾವ ಕಾರಣಕ್ಕೂ ಬೇರೆಯಾಗಬಾರದು. ಒಂದೇ ಕಂಪನಿಯ ಒಂದೇ ಮಾದರಿಯ ನಾಲ್ಕು ಕ್ಯೂಬ್ ಮೇಜಿನ ಮೇಲೆ ಇರುತ್ತವೆ, ಕಾರ್ಡ್ ತಪ್ಪಿದರೆ ಯಾರದ್ದು ಯಾವುದು ಅಂತ ಬ್ರಹ್ಮನಿಗೂ ಗೊತ್ತಾಗುವುದಿಲ್ಲ.

ನೀವು ಜಡ್ಜ್ ಆಗಿ ಕೂರಬೇಡಿ. ನಿಂತು ನೋಡಿ. ಸ್ಕ್ರಾಂಬಲ್ ಮೇಜಿನ ಮೇಲೆ ಕ್ಯೂಬ್ ರಾಶಿ ಬೀಳುತ್ತಿದ್ದರೆ ಸ್ಕ್ರಾಂಬ್ಲರ್ ಸಾಲದು. ಸ್ಕ್ರಾಂಬಲ್ ಆದ ಕ್ಯೂಬ್‌ಗಳು ಕವರ್ ಹೊದ್ದು ಅಲ್ಲೇ ಕೂತಿದ್ದರೆ ರನ್ನರ್ ಸಾಲದು. ಕ್ಯೂಬ್ ಬಂದರೂ ಟೈಮರ್ ಖಾಲಿ ಇದ್ದರೆ ಜಡ್ಜ್ ಎದ್ದು ಹೋಗಿದ್ದಾರೆ. ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡಿ ಒಬ್ಬರನ್ನು ಅಲ್ಲಿಗೆ ತಳ್ಳಿ. ದಿನಪೂರ್ತಿ ಸಂಘಟಕರ ಮುಖ್ಯ ಕೆಲಸ ಇದೇ.

ಮುಗಿದ ಕಾರ್ಡ್‌ಗಳನ್ನು ಒಬ್ಬರು ಡಬ್ಲ್ಯೂಸಿಎ ಲೈವ್‌ಗೆ ಟೈಪ್ ಮಾಡುತ್ತಾ ಹೋಗಬೇಕು. ಫಲಿತಾಂಶ ಎಲ್ಲರ ಮೊಬೈಲಿನಲ್ಲೂ ಕಾಣುತ್ತದೆ. ಈ ಕೆಲಸಕ್ಕೆ ಗಲಾಟೆಯಿಂದ ದೂರ, ಅವಸರ ಮಾಡದ ಒಬ್ಬ ವ್ಯಕ್ತಿಯನ್ನು ಕೂರಿಸಿ. 11.08 ಅನ್ನುವುದು 18.01 ಆದರೆ ಫೈನಲ್ ಪಟ್ಟಿಯೇ ಬದಲಾಗುತ್ತದೆ.

ಜಗಳ, ಕಣ್ಣೀರು, ಕೆಟ್ಟ ಟೈಮರ್

ಟೈಮರ್ ಕೈಕೊಡುತ್ತದೆ. ಸ್ಕ್ರಾಂಬಲ್ ತಪ್ಪಿರುತ್ತದೆ. ಜಡ್ಜ್ 8 ಸೆಕೆಂಡ್ ಹೇಳಲು ಮರೆತಿರುತ್ತಾರೆ. ಇಂಥದ್ದು ಒಂದೂ ನಡೆಯದ ಸ್ಪರ್ಧೆ ಇಲ್ಲ. ಮರುಪ್ರಯತ್ನ ಕೊಡಬೇಕೋ ಬೇಡವೋ ಅಂತ ಹೇಳಬೇಕಾದವರು ಡೆಲಿಗೇಟ್. ನೀವು ಮಧ್ಯೆ ಬಂದು ಸಮಾಧಾನಕ್ಕೆ ಅಂತ "ಇನ್ನೊಂದು ಸಲ ಕೊಡೋಣ ಬಿಡಿ" ಅಂದರೆ ಡೆಲಿಗೇಟ್ ಅವರಿಗೆ ಕಷ್ಟ, ಉಳಿದ ಸ್ಪರ್ಧಿಗಳಿಗೆ ಅನ್ಯಾಯ.

ಅಪ್ಪ ಅಮ್ಮಂದಿರು ವಿಡಿಯೋ ಹಿಡಿದುಕೊಂಡು ವಾದಕ್ಕೆ ಬಂದರೆ ಅವರನ್ನು ಆಡುವ ಜಾಗದಿಂದ ಹೊರಗೆ ಕರೆದುಕೊಂಡು ಹೋಗಿ ಮಾತಾಡಿ. ಅದು ನಿಮ್ಮ ಕೆಲಸ. ಡಿಎನ್‌ಎಫ್ ಆಗಿ ಅಳುತ್ತಿರುವ ಮಗುವಿಗೆ ಒಂದು ವಿಷಯ ನೆನಪಿಸಿ: ಐದರಲ್ಲಿ ಒಂದು ಡಿಎನ್‌ಎಫ್ ಆದರೆ ಅದೇ ಕೆಟ್ಟ ಪ್ರಯತ್ನ ಅಂತ ಬಿಟ್ಟುಹೋಗುತ್ತದೆ, ಸರಾಸರಿ ಉಳಿಯುತ್ತದೆ. ಬಹಳ ಮಕ್ಕಳಿಗೆ ಇದು ಗೊತ್ತೇ ಇರುವುದಿಲ್ಲ, ಕೇಳಿದ ಕೂಡಲೇ ಮುಖ ಸರಿಯಾಗುತ್ತದೆ.

ವೇಳಾಪಟ್ಟಿ ಹಿಂದೆ ಬಿದ್ದರೆ ಊಟದ ವಿರಾಮವನ್ನು ತಿನ್ನಬೇಡಿ. ಹಸಿದ ಜಡ್ಜ್ ನಿಧಾನವಾಗುತ್ತಾರೆ, ತಪ್ಪೂ ಜಾಸ್ತಿ ಮಾಡುತ್ತಾರೆ. ಇದಕ್ಕೆ ಅಂತಲೇ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಅರ್ಧ ಗಂಟೆಯ ಖಾಲಿ ಜಾಗ ವೇಳಾಪಟ್ಟಿಯಲ್ಲಿ ಬಿಟ್ಟಿರಿ. ಬೇಗ ಮುಗಿದರೂ ಮುಂದಿನ ರೌಂಡನ್ನು ಹೇಳಿದ ಸಮಯಕ್ಕಿಂತ ಮುಂಚೆ ಶುರು ಮಾಡಬೇಡಿ, ಆ ಸಮಯ ನಂಬಿಕೊಂಡು ಹೊರಗೆ ಹೋದವರು ಇರುತ್ತಾರೆ.

ಮುಗಿದ ಮೇಲೆ

ಬಹುಮಾನ ಫೈನಲ್ ಮುಗಿದ ಹತ್ತು ಹದಿನೈದು ನಿಮಿಷದಲ್ಲಿ ಆಗಿಬಿಡಲಿ. ಪ್ರಮಾಣಪತ್ರ ಸಾಕು, ದೊಡ್ಡ ಟ್ರೋಫಿ, ನಗದು ಯಾವುದೂ ಬೇಕಿಲ್ಲ. ಉದ್ದ ಭಾಷಣ ಮಾಡುವ ಅತಿಥಿಗಳನ್ನು ಕರೆಯದಿದ್ದರೆ ಇನ್ನೂ ಒಳ್ಳೆಯದು. ದಿನಪೂರ್ತಿ ಸ್ಕ್ರಾಂಬಲ್ ಮಾಡಿದವರ ಹೆಸರನ್ನು ವೇದಿಕೆಯಲ್ಲಿ ಹೇಳಿ, ಮುಂದಿನ ಸಲ ಅವರು ಬರಬೇಕಲ್ಲ.

ಫಲಿತಾಂಶ ಸರಿಯಿದೆಯೇ ಅಂತ ಡೆಲಿಗೇಟ್ ಪರಿಶೀಲಿಸಿ ಡಬ್ಲ್ಯೂಸಿಎಗೆ ಕಳಿಸುತ್ತಾರೆ. ಅದಕ್ಕೆ ಅವರಿಗೆ ಎಲ್ಲ ಸ್ಕೋರ್‌ಕಾರ್ಡ್‌ಗಳೂ ಬೇಕು. ರೌಂಡ್‌ವಾರು ಕಟ್ಟು ಮಾಡಿ, ಎಣಿಸಿ ಅವರ ಕೈಗೆ ಕೊಡಿ. ಎರವಲು ಟೈಮರ್‌ಗಳನ್ನು ಚೀಟಿ ನೋಡಿ ಹಿಂತಿರುಗಿಸಿ, ಬ್ಯಾಟರಿ ತೆಗೆದಿಟ್ಟು ಕೊಟ್ಟರೆ ಮರ್ಯಾದೆ. ಹಾಲ್‌ನಲ್ಲಿ ಬಿಟ್ಟುಹೋದ ಕ್ಯೂಬ್‌ಗಳು ಖಂಡಿತ ಸಿಗುತ್ತವೆ, ಫೋಟೋ ತೆಗೆದು ಅವತ್ತೇ ಎಲ್ಲ ಸ್ಪರ್ಧಿಗಳಿಗೂ ಕಳಿಸಿ. ಖರ್ಚು-ವೆಚ್ಚದ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ತಂಡದವರಿಗೆ ತೋರಿಸಿ. ಯಾವ ಗ್ರೂಪ್ ಎಷ್ಟು ಗಂಟೆಗೆ ಶುರುವಾಗಿ ಎಷ್ಟಕ್ಕೆ ಮುಗಿಯಿತು ಅನ್ನುವುದನ್ನೂ ಅದೇ ಹಾಳೆಯ ಹಿಂದೆ ಬರೆದಿಡಿ. ಎರಡನೇ ಸ್ಪರ್ಧೆಯ ವೇಳಾಪಟ್ಟಿ ಹಾಕುವಾಗ ನನ್ನ ಒಂದೂವರೆ ನಿಮಿಷದ ಅಂದಾಜು ಬಿಟ್ಟು ನಿಮ್ಮದೇ ಅಂಕಿಗಳನ್ನು ಬಳಸಬಹುದು.